ರಾಕೆಟ್ಟಿಗಿಂತ ದೊಡ್ಡ ಎಂಜಿನ್

ಕಾಗದದ ರಾಕೆಟ್ ಮಾಡುವವರಿಗೆ ಲೋಕದಲ್ಲಿ ಬರವಿಲ್ಲ. ಒಂದು ಹಾಳೆ ಸುರುಳಿ ಸುತ್ತಿ, ತಲೆಗೊಂದು ಟೋಪಿ ಇಟ್ಟು, ಬಾಲಕ್ಕೆರಡು ರೆಕ್ಕೆ ಮೆತ್ತಿ ಕೈ ತೊಳೆದುಕೊಳ್ಳುವ ಮಂದಿ ಅವರು. ನಾನು ಆ ಪೈಕಿಯವನಲ್ಲ. ನಾನು ಕೈಹಾಕಿದೆನೆಂದರೆ ಎಂಜಿನ್ ಸಮೇತ ಕೈಹಾಕಿದಂತೆ!

ಈ ಪರಾಕ್ರಮಕ್ಕೆ ಕಾರಣ ನನ್ನ ಹೆಂಡತಿ. ಆಕೆ ಮಕ್ಕಳ ಹಲ್ಲಿನ ಡಾಕ್ಟರು. ಅವಳ ಕ್ಲಿನಿಕ್ಕಿಗೆ ಬರುವ ಒಬ್ಬ ಪುಟ್ಟ ಹುಡುಗಿ ಪ್ರತಿ ಸಲವೂ ಕುರ್ಚಿಯ ಮೇಲೆ ಅಂಗಾತ ಮಲಗಿ, ತುಟಿ ಬಿಗಿಹಿಡಿದು, ಬಂದ ಹಾಗೆಯೇ ಎದ್ದು ಹೋಗುತ್ತಿದ್ದಳು. ಅವಳಿಗೆ ಹೆಂಡತಿ ಇಟ್ಟ ಅಡ್ಡಹೆಸರು ಬೀಗಮ್ಮ.

"ಶನಿವಾರ ಮತ್ತೆ ಬರ್ತಾಳೆ ರೀ. ಈ ಸಲಾನೂ ಬಾಯಿ ಬಿಡದಿದ್ರೆ ಆ ದವಡೆ ಹಲ್ಲು ಉಳಿಯಲ್ಲ, ಕೀಳಿಸಲೇಬೇಕು. ಛಾವಣಿಗೆ ಒಂದು ರಾಕೆಟ್ ತೂಗುಹಾಕಿದ್ರೆ ನೋಡ್ತಾ ಮೈಮರೀಬಹುದೇನೋ. ಅಂಗಡಿಯಿಂದ ಒಂದು ತಂದ್ಬಿಡಿ."

ಅಂಗಡಿಯಿಂದ! ಕಟ್ಟಡಗಳ ನಕ್ಷೆ ಬಿಡಿಸುತ್ತಲೇ ತಲೆ ನರೆಸಿಕೊಂಡ ಗಂಡ ಮನೆಯಲ್ಲಿರುವಾಗ!

"ಮಲಗಿದ ಮಗುಗೆ ಕಾಣೋದು ರಾಕೆಟ್ಟಿನ ತಳ. ತಳದಲ್ಲಿರೋದು ಎಂಜಿನ್ನು. ಆದ್ದರಿಂದ ಇಲ್ಲಿ ಎಂಜಿನ್ನೇ ಮುಖ್ಯ," ಎಂದು ಸಿದ್ಧಾಂತ ಮಂಡಿಸಿದೆ.

"ನನಗೆ ಮುಖ್ಯ ಬಾಯಿ," ಎಂದಳು ಅವಳು. "ನಿಮ್ಮದಲ್ಲ."

ಎಂಜಿನ್ನಿನ ಹಾಳೆಗಳನ್ನು ನಮ್ಮ ಕಚೇರಿಯ ನಕ್ಷೆ ಯಂತ್ರದಲ್ಲಿ ಪ್ರಿಂಟ್ ಮಾಡಿಕೊಂಡು ಬಂದೆ. ದಪ್ಪನೆಯ ಬಿಳಿ ಕಾಗದ. ಒಟ್ಟು ಐದು ಎಂಜಿನ್. ಒಂದೊಂದೂ ಗಂಟೆಯ ಹಾಗೆ ಬಾಯಗಲಿಸಿಕೊಂಡು, ನೆತ್ತಿಯಲ್ಲಿ ಕವಲೊಡೆದ ಕೊಳವೆ ಹೊತ್ತುಕೊಂಡು ನಿಂತವು. ಇಂಧನ ಹರಿಯಲು ಕೆಂಪು ದಾರ, ತಂಪು ಹರಿಯಲು ನೀಲಿ ದಾರ. ಒಳಗೆ ಉರಿದು ಹೊಗೆ ಹಿಡಿದಂತೆ ಕಾಣಬೇಡವೇ? ಬೆರಳಿನಲ್ಲಿ ಕಪ್ಪು ಬಳಿದೆ.

"ನನ್ನ ಕಾಡಿಗೆ ಡಬ್ಬಿ ಎಲ್ಲಿ ರೀ?"

"ಎಂಜಿನ್ನಿಗೆ ಹಚ್ಚಿದೆ."

"ಸರಿ. ಇನ್ಮೇಲೆ ಪೇಟೆಗೆ ಅದನ್ನೇ ಕರ್ಕೊಂಡು ಹೋಗಿ."

ಎಂಜಿನ್ ಉರಿಯಿತೋ ಇಲ್ಲವೋ, ಹೆಂಡತಿ ಉರಿದಳು. ಇರಲಿ, ವಿಜ್ಞಾನಕ್ಕೆ ತ್ಯಾಗ ಬೇಕು.

ಶುಕ್ರವಾರ ರಜೆ ಹಾಕಿ ರಾಕೆಟ್ಟಿನ ಮೈಯನ್ನು ಮನೆಯ ಪ್ರಿಂಟರಿನಲ್ಲೇ ತೆಗೆದೆ. ಆ ಮಹಾರಾಯ ಯಾವ ನಕ್ಷೆ ಕೊಟ್ಟರೂ ತನ್ನ ಪುಟ್ಟ ಹಾಳೆಗೆ ಹಿಡಿಸುವಷ್ಟು ಕುಗ್ಗಿಸುತ್ತಾನೆ ಎಂಬುದು ನೆನಪಾದದ್ದು ಕತ್ತರಿಸಿ, ಸುತ್ತಿ, ಅಂಟಿಸಿದ ಮೇಲೆ. ಎಂಜಿನ್ನನ್ನು ರಾಕೆಟ್ಟಿಗೆ ಜೋಡಿಸಲು ಹೋದರೆ ರಾಕೆಟ್ಟೇ ಎಂಜಿನ್ನಿನೊಳಕ್ಕೆ ಜಾರಿ ಮಾಯವಾಯಿತು. ಅಳತೆಯೇ ನನ್ನ ಅನ್ನ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಹೆಂಡತಿ ಕ್ಲಿನಿಕ್ಕಿಗೆ ಹೊರಟವಳು ಬಗ್ಗಿ ನೋಡಿದಳು. "ಇದು ರಾಕೆಟ್ಟೋ, ಎಂಜಿನ್ನಿಗೆ ಹಾಕೋ ಬತ್ತೀನೋ?"

"ನನ್ನ ಕೆಲಸಕ್ಕೆ ಬತ್ತಿ ಇಡೋಕೆ ನೀನೊಬ್ಬಳಿದ್ದೀಯಲ್ಲ, ಇನ್ನೊಂದು ಯಾಕೆ?"

ಬುದ್ಧಿವಂತನಾದವನು ಎಂಜಿನ್ ಚಿಕ್ಕದು ಮಾಡುತ್ತಿದ್ದ. ನಾನು ರಾಕೆಟ್ಟನ್ನೇ ದೊಡ್ಡದು ಮಾಡಿದೆ. ಕಚೇರಿಯಿಂದ ಹಾಳೆಯ ಸುರುಳಿಗಳನ್ನು ತಂದು ಹಾಲ್‌ನ ನೆಲಕ್ಕೆಲ್ಲ ಹಾಸಿದೆ. ರಾಕೆಟ್ ಸೋಫಾ ದಾಟಿತು, ಊಟದ ಮೇಜು ದಾಟಿತು, ಅಡುಗೆಮನೆಯ ಹೊಸ್ತಿಲು ಮುಟ್ಟಿತು. ಹೊರಗಿನ ಅಂಚು ಅಂಟಿಸಿ ಆಯಿತು. ಒಳಗಿನ ಅಂಚು ಉಳಿಯಿತು. ಗೋಂದಿನ ಬಾಟಲಿ ಹಿಡಿದು ತೆವಳಿಕೊಂಡು ಒಳಹೊಕ್ಕೆ.

ಸಂಜೆ ಹೆಂಡತಿ ಬಾಗಿಲು ತೆರೆದಾಗ ಮನೆಯಲ್ಲಿ ಗಂಡ ಕಾಣಲಿಲ್ಲ. ರಾಕೆಟ್ ಕೆಮ್ಮಿತು.

"ಒಳಗಿದ್ದೀರಾ?"

"ಹೂಂ."

"ಹೊರಗೆ ಬನ್ನಿ."

"ಬರೋ ಹಾಗಿಲ್ಲ. ಬಾಟಲಿ ಮೈಕೆಳಗೆ ಒಡೀತು. ಅಂಗಿ ಅಂಟಿದೆ. ಮೊಣಕೈನೂ ಅಂಟಿದೆ."

"ಸಂಸಾರದಲ್ಲಿ ಒಂದಿಷ್ಟು ಅಂಟು ಇರಲಿ ಅಂತ ನಾನೇ ಬೇಡಿಕೊಂಡಿದ್ದೆ," ಎಂದು ನಿಟ್ಟುಸಿರಿಟ್ಟು ಅವಳು ಕತ್ತರಿ ತಂದಳು. ಮೂತಿಯಿಂದ ಬಾಲದವರೆಗೆ ರಾಕೆಟ್ಟನ್ನು ಸೀಳಿ, ಹಲ್ಲು ಕೀಳುವ ಕೈಯಿಂದಲೇ ನನ್ನನ್ನೂ ಕಿತ್ತು ಹೊರಗೆಳೆದಳು. ಅಂಗಿ ಅಂತರಿಕ್ಷದಲ್ಲೇ ಉಳಿಯಿತು. ಆಮೇಲೆ ಅವಳು ನಗಲಿಲ್ಲ. ಸೋಫಾದ ತುದಿಯಲ್ಲಿ ಕುಳಿತು ಮೆಲ್ಲಗೆ, "ನಾಳೆ ಆ ಮಗುಗೆ ಏನು ತೋರಿಸ್ಲಿ?" ಎಂದಳು. ನಾನು ಹಾಲ್‌ನ ಸುತ್ತ ಕಣ್ಣಾಡಿಸಿದೆ.

ಉಳಿದದ್ದು ಐದು ಎಂಜಿನ್. ಬೆಳಗ್ಗೆ ಅವನ್ನೇ ಹೊತ್ತು ಅವಳ ಹಿಂದೆ ಕ್ಲಿನಿಕ್ಕಿಗೆ ನಡೆದೆ. ಕುರ್ಚಿಯ ನೇರಕ್ಕೆ, ಅರ್ಧಚಂದ್ರಾಕಾರದಲ್ಲಿ, ದಾರಗಳೆಲ್ಲ ಕಾಣುವಂತೆ ಓರೆಯಾಗಿ ಛಾವಣಿಗೆ ಕಟ್ಟಿದೆ.

"ರಾಕೆಟ್ ಎಲ್ಲಿ ಅಂತ ಕೇಳಿದ್ರೆ?" ಎಂದಳು ಹೆಂಡತಿ.

"ತಾರಸಿ ತೂರಿಕೊಂಡು ಆಗಲೇ ಹೊರಟುಹೋಗಿದೆ ಅನ್ನು. ಬಾಲ ಮಾತ್ರ ಇಲ್ಲಿದೆ."

ಬೀಗಮ್ಮ ಬಂದಳು. ಮಲಗಿದಳು. ತುಟಿಗೆ ಬೀಗ ಬಿತ್ತು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಒಂದು ಎಂಜಿನ್ ನೋಡಿದಳು, ಪಕ್ಕದ್ದು ನೋಡಿದಳು, ಹುಬ್ಬು ಮೇಲೇರಿತು, ಬಾಯಿ ತಾನಾಗಿಯೇ ದೊಡ್ಡದಾಗಿ ತೆರೆಯಿತು. ಹೆಂಡತಿ ಉಸಿರು ಬಿಗಿಹಿಡಿದು ಕೆಲಸಕ್ಕೆ ಕೈಹಾಕಿದಳು. ಹುಡುಗಿ ಮಿಸುಕಲಿಲ್ಲ. ಹಲ್ಲು ಉಳಿಯಿತು.

ಬಾಗಿಲ ಬಳಿ ನಿಂತಿದ್ದ ನನ್ನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತ್ತು. ಅವಳು ಬಾಯಿ ಮುಕ್ಕಳಿಸಿ ಉಗುಳುವುದನ್ನೇ ಕಾದು ಕೇಳಿದೆ: "ಹೆಂಗಿದೆ ಪುಟ್ಟಿ ಮೇಲಿರೋದು?"

"ಪಾಪ ಅಂಕಲ್," ಎಂದಳು.

"ಯಾರು ಪಾಪ?"

"ಆ ರಾಕ್ಷಸ. ಎಲ್ಲಾ ಹಲ್ಲೂ ಹುಳುಕು. ಒಳಗೆಲ್ಲ ಕಪ್ಪಗೆ ತೂತಾಗಿ ನರ ಹೊರಗೆ ಬಂದ್ಬಿಟ್ಟಿದೆ. ನಂದೂ ಹಂಗಾದ್ರೆ ಅಂತ ಹೆದರಿಕೆ ಆಯ್ತು, ಅದಕ್ಕೇ ಬಾಯಿ ತೆಗ್ದೆ."

ನಾನು ಛಾವಣಿ ನೋಡಿದೆ. ಒಮ್ಮೆ ಹಾಗೆ ಕಂಡ ಮೇಲೆ, ನನ್ನಾಣೆಗೂ, ಬೇರೆ ಯಾವ ಥರವೂ ಕಾಣಲಿಲ್ಲ.

ಹೆಂಡತಿ ಕೈಗವಸು ಕಳಚುತ್ತ ನನ್ನತ್ತ ತಿರುಗಿದಳು. ಇಷ್ಟು ವರ್ಷದಲ್ಲಿ ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ನೋಡಿದ್ದು ನೆನಪಿಲ್ಲ.

"ರೀ, ಮೇಲಿನ ಸಾಲು ತುಂಬಾ ಚೆನ್ನಾಗಿ ಬಂದಿದೆ. ಕೆಳಗಿನದ್ದು ಯಾವಾಗ ಮಾಡಿಕೊಡ್ತೀರಿ?"