ಟೀವಿಯ ಏಕಾದಶಿ

ಪಂಢರಿನಾಥನ ಬಾಯಿಂದ ಆ ಮಾತು ಬಂದದ್ದು ಕೋಪದಲ್ಲಿ. ಅದೂ ಕಣ್ಣು ಟೀವಿಯ ಮೇಲೆ, ಕೈ ಹುಳಿಯನ್ನದಲ್ಲಿ ಇದ್ದಾಗ. ಆ ಸ್ಥಿತಿಯಲ್ಲಿ ಯಾವ ಗಂಡಸೂ ಮಕ್ಕಳಿಗೆ ಬುದ್ಧಿ ಹೇಳಲು ಹೋಗಬಾರದು.

ಒಂಬತ್ತನೇ ಕ್ಲಾಸಿನ ಮಗಳು ಶ್ರೀಪ್ರಿಯಾ ಗಣಿತದಲ್ಲಿ ತೀರ ಕಡಿಮೆ ಅಂಕ ತಂದಿದ್ದಳು. "ಎಲ್ಲಾ ಆ ಟೀವಿಯಿಂದ! ದಿನಾ ಸಾಯಂಕಾಲ ಡ್ಯಾನ್ಸ್ ಪ್ರೋಗ್ರಾಂ ಮುಂದೆ ಕೂತ್ರೆ ಲೆಕ್ಕ ತಲೆಗೆ ಹೋಗತ್ತಾ?" ಎಂದು ಪಂಢರಿನಾಥ ಗುಡುಗಿದ. ಗುಡುಗುವಾಗಲೂ ಅವನು ಮಗಳ ಕಡೆ ತಿರುಗಲಿಲ್ಲ. ಓವರಿನಲ್ಲಿ ಇನ್ನೂ ಎರಡು ಚೆಂಡು ಬಾಕಿಯಿದ್ದವು.

"ನೀ ಮಟ್ಟುಂ ನೋಡಬಹುದಾ ಅಪ್ಪಾ? ಫಸ್ಟ್ ನೀ ನಿಲ್ಸು, ಅಪ್ಪುರಂ ನಾ ನಿಲ್ಲಿಸ್ತೀನಿ," ಎಂದಳು ಶ್ರೀಪ್ರಿಯಾ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆ ಅದು. ಅಲ್ಲಿ 'ಮಾತ್ರ' ಎನ್ನುವುದು 'ಮಟ್ಟುಂ' ಆಗಿ, 'ಆಮೇಲೆ' ಎನ್ನುವುದು 'ಅಪ್ಪುರಂ' ಆಗಿ, ಕನ್ನಡದ ಜೊತೆ ತಮಿಳು, ಅನ್ನದ ಜೊತೆ ಹಪ್ಪಳದಂತೆ, ಕೇಳದೆಯೇ ಬಂದು ಬೀಳುತ್ತಿತ್ತು.

ಪಂಢರಿನಾಥನಿಗೆ ರೇಗಿತು. "ಶರಿ! ನಮ್ಮ ಹೊಟ್ಟೆಗೆ ಏಕಾದಶಿ ಇದೆ, ಟೀವಿಗೆ ಯಾಕಿರಬಾರದು? ಇನ್ಮೇಲೆ ಏಕಾದಶಿ ದಿನ ಟೀವಿಗೂ ಉಪವಾಸ. ನೀನೂ ನೋಡಬೇಡ, ನಾನೂ ನೋಡಲ್ಲ."

"ನೀ ನೋಡಿದ್ರೆ?"

"ಆಮೇಲೆ ನೀನು ಬೆಳಗ್ಗಿಂದ ರಾತ್ರಿ ತನಕ ನೋಡಿದ್ರೂ ನಾನು ಬಾಯಿ ಬಿಡಲ್ಲ. ಪರೀಕ್ಷೆ ಇದ್ರೂ ಸರಿ."

"ದೇವರ ಮನೆ ಬಾಗಿಲು ತೆಗೆದೇ ಇದೆ, ನೆನಪಿರಲಿ," ಎಂದು ಅವನ ಹೆಂಡತಿ ಲಕ್ಷ್ಮೀ ಅಡುಗೆಮನೆಯಿಂದ ಕೂಗಿದಳು. ಅಲ್ಲಿಗೆ ಆ ಮಾತಿಗೆ ಸಾಕ್ಷಿಯೂ ಸಿಕ್ಕಂತಾಯಿತು.

ಮೊದಲ ಏಕಾದಶಿ ಶುಕ್ರವಾರ ಬಂತು, ಸುಖವಾಗಿ ಕಳೆಯಿತು. ಪಂಢರಿನಾಥ ಹಗಲೆಲ್ಲ ಗಿಂಡಿ ಬಡಾವಣೆಯ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ. ಅವನ ಉಪವಾಸಕ್ಕೆ ಹೆಚ್ಚೇನೂ ಕಷ್ಟವಿರಲಿಲ್ಲ. ಆದರೆ ಸಾಯಂಕಾಲ ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಟೀವಿಯ ಮೇಲೆ ಅವನದೇ ಹಳೆಯ ಪಂಚೆ ಹೊದಿಸಿತ್ತು. ಅದರ ಎದುರು ನೆಲದ ಮೇಲೆ ಕುಳಿತು ಶ್ರೀಪ್ರಿಯಾ ಬೀಜಗಣಿತ ಮಾಡುತ್ತಿದ್ದಳು. ಅವತ್ತು ಅವಳ ಡ್ಯಾನ್ಸ್ ಪ್ರೋಗ್ರಾಮಿನ ಕೊನೆಯ ಸುತ್ತು ಇತ್ತೆಂದು ಲಕ್ಷ್ಮೀ ಪಿಸುಗುಟ್ಟಿದಳು. ಪಂಢರಿನಾಥನ ಎದೆ ತುಂಬಿ ಬಂತು. ಹುಟ್ಟಿದಾಗಿನಿಂದ ಮಗಳು ತನ್ನ ಮಾತೊಂದನ್ನು ಪೂರ್ತಿ ನಡೆಸಿಕೊಟ್ಟದ್ದು ಇದೇ ಮೊದಲು. ಈ ಮಾತನ್ನು ತಾನೇ ಮುರಿದರೆ ಇನ್ನು ಈ ಮನೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಎರಡನೆಯ ಏಕಾದಶಿ ಶನಿವಾರ ಬಂತು. ಅದೇ ಶನಿವಾರ ಮಧ್ಯಾಹ್ನ ಕೊಲಂಬೊದಲ್ಲಿ ಇಂಡಿಯಾ ಮತ್ತು ಲಂಕಾ ನಡುವೆ ಫೈನಲ್.

ಬೆಳಗ್ಗೆ ಎದ್ದಾಗಿನಿಂದ ಪಂಢರಿನಾಥ ಮನೆಯಲ್ಲಿ ಮರಿ ಹಾಕಿದ ಬೆಕ್ಕಿನಂತೆ ತಿರುಗಿದ. ಪಂಚೆ ಹೊದ್ದ ಟೀವಿಯ ಮುಂದೆ ಹಾದು ಹೋದ, ಮತ್ತೆ ವಾಪಸು ಬಂದ. ನೋಡಿ ನೋಡಿ ಸಾಕಾಗಿ ಲಕ್ಷ್ಮೀ ಕೈಗೊಂದು ಚೀಲ ಕೊಟ್ಟಳು.

"ನಾಳೆ ದ್ವಾದಶಿ ಪಾರಣೆಗೆ ಅಗಸೆ ಸೊಪ್ಪು ಬೇಕು. ಹೋಗಿ ತನ್ನಿ. ಸ್ವಲ್ಪ ಗಾಳಿನಾದ್ರೂ ಕುಡಿದ ಹಾಗಾಗತ್ತೆ."

ಅಣ್ಣಾ ನಗರದ ಅಗಲ ರಸ್ತೆಯಲ್ಲಿ ಸೊಪ್ಪಿನವಳು ಕೂರುವುದು ಒಂದು ಟೀವಿ ಅಂಗಡಿಯ ಪಕ್ಕದಲ್ಲೇ. ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಇಟ್ಟ ಟೀವಿಗಳೆಲ್ಲದರಲ್ಲೂ ಕೊಲಂಬೊದ ಮೈದಾನ ಹಸಿರಾಗಿ ಮಲಗಿತ್ತು. ಪಂದ್ಯಕ್ಕೆ ಇನ್ನೂ ಹೊತ್ತಿದ್ದರೂ ಜನ ಆಗಲೇ ನೆರೆದಿದ್ದರು. ಪಂಢರಿನಾಥ ಸೊಪ್ಪು ಕೊಂಡು, ಧರ್ಮಾತ್ಮನಂತೆ ಟೀವಿಗಳಿಗೆ ಬೆನ್ನು ಮಾಡಿ ನಿಂತ. ಹಾಗೆ ನಿಂತಾಗಲೇ ಕಂಡದ್ದು, ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿ. ಅವನು ಅತ್ತಿತ್ತ ನೋಡಿ, ಮೆಲ್ಲಗೆ ಬೆರಳಿನಿಂದ ಕನ್ನಡಿಯನ್ನು ಒಂದಿಷ್ಟು ತಿರುಗಿಸಿದ. ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಂಡರೂ ಪಿಚ್ಚು ಒಣಗಿದೆ ಎಂಬುದು ತಿಳಿಯಿತು. ಟೀವಿ ನೋಡುವುದಿಲ್ಲ ಎಂದಿದ್ದೆನೇ ಹೊರತು ಕನ್ನಡಿ ನೋಡುವುದಿಲ್ಲ ಎಂದಿರಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ ಕನ್ನಡಿಯೊಳಗೆ ಪಿಚ್ಚಿನ ಬದಲು ದೊಡ್ಡದೊಂದು ಕುಂಕುಮದ ಬೊಟ್ಟು ಕಾಣಿಸಿತು.

"ಯಾರ ಸ್ಕೂಟರೋ ಪಂಢರಿ ಇದು?" ಎಂದರು ಜಯಲಕ್ಷ್ಮಮ್ಮ. ಇವರು ಪಂಢರಿನಾಥನ ಮೇಲಿನ ಮನೆಯ ಮಾಮಿ. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಇವರಿಗೆ. ಟೀವಿಯ ಉಪವಾಸದ ಸುದ್ದಿಯೂ ಅವರಿಗೆ ಎಂದೋ ತಲುಪಿತ್ತು.

"ಏನಿಲ್ಲ ಮಾಮಿ, ತಲೆ ಬಾಚ್ಕೊಂಡಿದ್ದು ಸರಿ ಇದೆಯಾ ಅಂತ..."

"ಬಾಚೋಕೆ ಏನುಳಿದಿದೆ ಅಂತ! ಪಾವಂ, ನಿಮಗೆ ಇವತ್ತೇ ಏಕಾದಶಿ ಅಲ್ವಾ? ನಮಗೆ ನಾಳೆ."

ಪಂಢರಿನಾಥನ ಕೈಯಿಂದ ಸೊಪ್ಪಿನ ಚೀಲ ಜಾರಿತು. ಮಠ ಬೇರೆಯಾದರೆ ಪಂಚಾಂಗ ಬೇರೆ, ಪಂಚಾಂಗ ಬೇರೆಯಾದರೆ ಕೆಲವೊಮ್ಮೆ ಏಕಾದಶಿಯೂ ಬೇರೆ. ಒಂದು ಲೆಕ್ಕದಲ್ಲಿ ದಶಮಿ ನಸುಕಿಗೆ ಮುಂಚೆ ಮುಗಿದಿರುತ್ತದೆ, ಇನ್ನೊಂದರಲ್ಲಿ ಸ್ವಲ್ಪ ಕಾಲು ಚಾಚಿರುತ್ತದೆ. ಹಾಗೆ ಚಾಚಿದರೆ ಉಪವಾಸ ಮಾರನೆಯ ದಿನಕ್ಕೆ ಹೋಗುತ್ತದೆ. ಚಿಕ್ಕಂದಿನಿಂದ ಈ ಜಗಳ ಕೇಳಿ ಬೇಸತ್ತಿದ್ದವನಿಗೆ ಅದರ ಸೊಗಸು ಇವತ್ತೇ ತಿಳಿದದ್ದು. ಸೊಪ್ಪು ಬಾಚಿಕೊಂಡು ಮನೆಗೆ ಓಡಿದ.

"ಲಕ್ಷ್ಮೀ, ಶ್ರೀಪ್ರಿಯಾ, ಕೇಳಿ! ನನ್ನ ತಾಯಿಯ ತೌರುಮನೆಯವರದೂ ಮೇಲಿನ ಮನೆಯವರ ಮಠವೇ. ಆ ಪಂಚಾಂಗದಲ್ಲಿ ಇವತ್ತು ಬರೀ ದಶಮಿ. ನನ್ನ ಏಕಾದಶಿ ನಾಳೆ."

"ನೀವು ಸ್ವಾಮಿಗಳ ಕೈಲಿ ತೋಳಿಗೆ ಮುದ್ರೆ ಹಾಕಿಸಿಕೊಂಡಿರೋದು ಯಾವ ಮಠದ್ದು?" ಎಂದಳು ಲಕ್ಷ್ಮೀ.

"ತಾಯಿ ಕಡೆಗೂ ಗೌರವ ಬೇಡ್ವೇನೇ?" ಎಂದ ಪಂಢರಿನಾಥ. ತಾಯಿ ಬದುಕಿದ್ದಾಗ ಆಕೆಯ ಮಠ ಯಾವುದೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಶ್ರೀಪ್ರಿಯಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಅಪ್ಪನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವನಿಗೆ ಸ್ವಲ್ಪ ಚುಚ್ಚಿತು. "ಓಕೆ ಅಪ್ಪಾ. ಆದ್ರೆ ನಾಳೆ ಫುಲ್ ಡೇ. ಏನೇ ಆದ್ರೂ."

"ಭೂಮಿ ಅಡಿಮೇಲಾದ್ರೂ ನಾಳೆ ನೋಡಲ್ಲ."

"ಪ್ರಾಮಿಸ್?"

"ದೇವರಾಣೆ!"

"ನಿಮ್ಮ ಪಾಡು ನಿಮಗೆ," ಎಂದಳು ಲಕ್ಷ್ಮೀ. "ಆದ್ರೆ ನನಗೂ ಮಗಳಿಗೂ ಇವತ್ತೇ ಏಕಾದಶಿ. ಈ ಟೀವಿ ಮೇಲಿನ ಪಂಚೆ ಯಾರೂ ಮುಟ್ಟೋ ಹಾಗಿಲ್ಲ. ಒಲೆನೂ ಹಚ್ಚಲ್ಲ."

ಪರವಾಗಿಲ್ಲ, ಮೇಲಿನ ಮನೆಯ ಟೀವಿ ಇನ್ನೂ ದೊಡ್ಡದು. ಇವತ್ತು ಏಕಾದಶಿಯಲ್ಲ ಎಂದು ಗೊತ್ತಾದ ಕ್ಷಣದಿಂದ ಪಂಢರಿನಾಥನ ಹೊಟ್ಟೆಯೂ ಹಕ್ಕಿನಿಂದ ಹಸಿಯತೊಡಗಿತ್ತು. ಮಾಮಿಯ ಕೈರುಚಿಯನ್ನು ನೆನೆಯುತ್ತ ಅವನು ಮೆಟ್ಟಿಲು ಹತ್ತಿದ.

ಬ್ಯಾಂಕಿನಿಂದ ನಿವೃತ್ತರಾದ ಬದರಿನಾಥ ಮಾಮಾ ಆರಾಮ ಕುರ್ಚಿಯಲ್ಲಿ ಸಜ್ಜಾಗಿದ್ದರು. "ಬಾರೋ ಪಂಢರಿ! ಕಡೆಗೂ ಸರಿಯಾದ ಪಂಚಾಂಗಕ್ಕೆ ಬಂದೆ!" ಎಂದು ಸಂಭ್ರಮದಿಂದ ಸ್ವಾಗತಿಸಿದರು. ಮೂವತ್ತು ವರ್ಷ ವಾದ ಮಾಡಿ ಒಬ್ಬನನ್ನೂ ಒಪ್ಪಿಸಲಾಗದಿದ್ದ ಅವರಿಗೆ ಇದು ದೊಡ್ಡ ಗೆಲುವು.

"ಮಾಮಿ, ಊಟಕ್ಕೆ ಏನಾದ್ರೂ..." ಎಂದು ಪಂಢರಿನಾಥ ಅಡುಗೆಮನೆ ಕಡೆ ಕತ್ತು ಚಾಚಿದ.

"ದಶಮಿ ದಿನ ಒಂದೇ ಹೊತ್ತು ಊಟ ಕಣೋ. ನಮ್ಮದು ಆಗಲೇ ಆಯ್ತು, ಪಾತ್ರೆನೂ ತೊಳೆದು ಕವುಚಿದೆ," ಎಂದರು ಜಯಲಕ್ಷ್ಮಮ್ಮ.

"ಹಾಗಾದ್ರೆ ಕೆಳಗೆ ಹೋಗಿ ಹೋಟೆಲಲ್ಲಿ ಎರಡು ಇಡ್ಲಿ..."

"ಏಕಾದಶಿ ಹಿಂದಿನ ದಿನ ಹೋಟೆಲಾ! ಟೀವಿಗೊಂದು ಪಂಚಾಂಗ, ಹೊಟ್ಟೆಗೊಂದು ಪಂಚಾಂಗ ಅಂತ ಉಂಟೇನೋ? ನಮ್ಮದು ಹಿಡಿದ ಮೇಲೆ ಪೂರ್ತಿ ಹಿಡಿಯಬೇಕು. ನಾಳೆ ನಿರ್ಜಲ, ತಿಳೀತಾ?"

ಪಂಢರಿನಾಥನಿಗೆ ನಿಧಾನವಾಗಿ ತಿಳಿಯಿತು. ಇವತ್ತು ಕೆಳಗಿನ ಮನೆಯಲ್ಲಿ ಏಕಾದಶಿ, ಆದ್ದರಿಂದ ಊಟವಿಲ್ಲ. ಮೇಲಿನ ಮನೆಯಲ್ಲಿ ದಶಮಿ, ಊಟ ಮುಗಿದಿದೆ. ನಾಳೆ ಅವನದೇ ಸ್ವಂತ ಏಕಾದಶಿ. ಇದೆಲ್ಲಾ ಒಂದು ಫೈನಲ್‌ಗಾಗಿ ತಾನೇ ಎಂದು ಹಲ್ಲು ಕಚ್ಚಿ ಕೂತ.

ಎರಡೂವರೆಗೆ ಆಟ ಶುರುವಾಯಿತು. ಲಂಕಾದವರು ಬ್ಯಾಟು ಹಿಡಿದು ಮನಸೋ ಇಚ್ಛೆ ಬಾರಿಸಿದರು. ಜಾಹೀರಾತುಗಳಲ್ಲಿ ಬರೀ ಬಿಸ್ಕತ್ತು, ನೂಡಲ್ಸು, ಮಸಾಲೆ ಪುಡಿ. ಒಂದು ಜಾಹೀರಾತಿನಲ್ಲಿ ತಾಯಿಯೊಬ್ಬಳು ಮಗನ ತಟ್ಟೆಗೆ ಪೂರಿ ಬಡಿಸಿದಾಗ ಪಂಢರಿನಾಥ ಅರಿವಿಲ್ಲದೆ ಕೈ ಮುಂದೆ ಚಾಚಿದ. ಬದರಿನಾಥ ಮಾಮಾ ಓವರಿಗೊಮ್ಮೆ ದಶಮಿಯ ಲೆಕ್ಕ ವಿವರಿಸುತ್ತಿದ್ದರು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಕತ್ತಲಾಗುವ ಹೊತ್ತಿಗೆ ಇಂಡಿಯಾ ಬ್ಯಾಟಿಂಗ್‌ಗೆ ಬಂತು. ಎರಡನೆಯ ಓವರಿನಲ್ಲಿ ಚೆಂಡು ಗೆರೆ ದಾಟಿ ಹೋಯಿತು, ಪಂಢರಿನಾಥ ಕುರ್ಚಿಯಿಂದ ನೆಗೆದ. ನೆಗೆದವನು ಕೆಳಗೆ ಕೂರುವಷ್ಟರಲ್ಲಿ ಕೊಲಂಬೊದಲ್ಲಿ ಮಳೆ ಸುರಿಯಿತು.

ಅದೂ ಅಂಥಿಂಥ ಮಳೆಯಲ್ಲ. ಮೈದಾನದ ಹುಡುಗರು ಹೊದಿಕೆ ಎಳೆದರು. ಹೊದಿಕೆಯ ಮೇಲೆ ಕೆರೆ ಕಟ್ಟಿತು. ಪಂಢರಿನಾಥ ಕೈ ಮುಗಿದ, ಕಣ್ಣು ಮುಚ್ಚಿದ, ಮಾಮಿಯಿಂದ ತುಳಸಿ ತೀರ್ಥ ಇಸಿದುಕೊಂಡು ಕುಡಿದ. ಏನು ಮಾಡಿದರೂ ನಿಲ್ಲಲಿಲ್ಲ. ಕೊನೆಗೆ ಟೈ ಕಟ್ಟಿದ ಮನುಷ್ಯನೊಬ್ಬ ಕೊಡೆ ಹಿಡಿದು ಪರದೆಯ ಮೇಲೆ ಬಂದು, ಇವತ್ತಿನ ಆಟ ರದ್ದಾಗಿದೆ ಎಂದ. ಇದಕ್ಕೆಂದೇ ಒಂದು ದಿನ ಮೀಸಲಿಟ್ಟಿದ್ದಾರೆ, ಫೈನಲ್ ಮತ್ತೆ ಮೊದಲಿಂದ ಶುರು, ನಾಳೆ.

"ನಾಳೆ!" ಎಂದು ಪಂಢರಿನಾಥ ಕೂಗಿದ್ದು ಯಾರೋ ಕಾಲು ತುಳಿದಂತಿತ್ತು.

"ಅದಕ್ಕೇನೋ? ನಾಳೆನೂ ಬಾ. ನಮ್ಮ ಏಕಾದಶಿ ಹೊಟ್ಟೆಗೆ ಮಟ್ಟುಂ. ಟೀವಿಗೆ ಉಪವಾಸ ಹಾಕೋ ಹುಚ್ಚೆಲ್ಲ ನಿಂದೇ," ಎಂದರು ಬದರಿನಾಥ ಮಾಮಾ.

ಕಾಲು ಎಳೆಯುತ್ತ ಪಂಢರಿನಾಥ ಕೆಳಗಿಳಿದ. ಬಾಗಿಲು ತೆರೆದೇ ಇತ್ತು. "ಕೇಳಿಸ್ತಪ್ಪಾ," ಎಂದಳು ಶ್ರೀಪ್ರಿಯಾ. "ಮಾಮಾ ಮನೆ ಟೀವಿ ಸೌಂಡು ಬೀದಿ ತನಕ ಬರತ್ತೆ. ನಾಳೆಯಾ ಮ್ಯಾಚು?"

"ನೋಡು ಕಣ್ಣಾ, ಹಾಗೆ ನೋಡಿದ್ರೆ ನನ್ನ ಮುದ್ರೆ ನಮ್ಮ ಮಠದ್ದೇ ತಾನೆ? ನಿಜವಾದ ಏಕಾದಶಿ ಅಂದ್ರೆ ಇವತ್ತೇ..."

"ಹಾಗಾದ್ರೆ ಇವತ್ತು ನೀವು ಮೇಲೆ ಕೂತು ಟೀವಿ ನೋಡಿದ್ದು ಏಕಾದಶಿ ದಿನ ಅಂತಾಯ್ತು," ಎಂದಳು ಲಕ್ಷ್ಮೀ. "ಸರಿಯಾ ಪೋಚ್ಚು, ಒಳ್ಳೇದಾಯ್ತು! ಅವಳು ಇನ್ನು ಪರೀಕ್ಷೆ ತನಕ ಟೀವಿ ಮುಂದೆ ಕೂರಬಹುದು."

ಪಂಢರಿನಾಥ ಎರಡು ಪಂಚಾಂಗಗಳ ನಡುವೆ ಸಿಕ್ಕಿಬಿದ್ದ. ಹಿಂದೆ ಸರಿದರೆ ಮಾತು ತಪ್ಪಿದಂತೆ, ಮುಂದೆ ಹೋದರೆ ಫೈನಲ್ ತಪ್ಪಿದಂತೆ. ಸುಮ್ಮನೆ ತನ್ನ ಮಠದ ಏಕಾದಶಿಯನ್ನೇ ಹಿಡಿದು ಕೂತಿದ್ದರೆ ಮಳೆಗೆ ಕೊಚ್ಚಿಹೋದ ಆಟ ಮಾತ್ರ ತಪ್ಪುತ್ತಿತ್ತು, ನಾಳೆ ಹೊಟ್ಟೆ ತುಂಬ ಪಾರಣೆ ಮಾಡಿ ಕಾಲು ಚಾಚಿ ನಿಜವಾದ ಫೈನಲ್ ನೋಡಬಹುದಿತ್ತು. ಒಂದು ಚೊಂಬು ನೀರು ಕುಡಿದು ಮಲಗಿದ.

ಭಾನುವಾರ ಬೆಳಗಾಗುವ ಮುಂಚೆಯೇ ಮನೆಯಲ್ಲಿ ಪಾರಣೆಯ ಘಮ ಎದ್ದಿತು. ಅವನೇ ತಂದ ಅಗಸೆ ಸೊಪ್ಪಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿತು. ಪಂಢರಿನಾಥ ಹೊದಿಕೆಯನ್ನು ಮೂಗಿನ ಮೇಲೆ ಎಳೆದುಕೊಂಡ. ಮಧ್ಯಾಹ್ನ ಮೇಲಿನಿಂದ ಮಾಮಾ, "ಟಾಸ್ ಗೆದ್ವಿ ಕಣೋ ಪಂಢರೀ!" ಎಂದು ಕೂಗಿದರು. ಶ್ರೀಪ್ರಿಯಾ ಟೀವಿಯ ಪಂಚೆ ತೆಗೆದು ಮಡಿಸಿಟ್ಟಳು. ಅವಳ ಏಕಾದಶಿ ನಿನ್ನೆಯೇ ಮುಗಿದಿತ್ತು. ನ್ಯಾಯವಾಗಿ ಅವಳು ನೋಡಬಹುದಾಗಿತ್ತು. ಪಂಢರಿನಾಥ ಎದ್ದು ಬಾಲ್ಕನಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಈ ಸಲ ಅವನು ಕನ್ನಡಿ ಹುಡುಕಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಟೀವಿಯ ಸದ್ದು ನಿಂತಿತು. ಶ್ರೀಪ್ರಿಯಾ ಗಣಿತದ ಪುಸ್ತಕ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಯಾಕೆ ಆರಿಸಿದೆ? ನೋಡು ಹೋಗು. ನಿಂದು ನಿನ್ನೆ ಆಯ್ತಲ್ಲ."

"ನೀ ಇಲ್ಲಿ ಗೋಡೆ ನೋಡ್ಕೊಂಡು ಕೂತಿದ್ರೆ ನಾ ಎಪ್ಪಡಿ ನೋಡಲಿ? ಈ ಲೆಕ್ಕ ಹೇಳಿಕೊಡು."

ಪಂಢರಿನಾಥನಿಗೆ ಹಸಿವು ಒಂದು ಕ್ಷಣ ಮರೆತೇ ಹೋಯಿತು. ಇಡೀ ಕಟ್ಟಡ ನಾಲ್ಕಕ್ಕೂ ಆರಕ್ಕೂ ಹೋ ಎಂದು ಅರಚುತ್ತಿದ್ದರೆ ತಂದೆ ಮಗಳು ರಾತ್ರಿಯ ತನಕ ಸಮೀಕರಣ ಬಿಡಿಸಿದರು. ಒಮ್ಮೆ ಭಾರಿ ಕೂಗು ಎದ್ದಾಗ ಅವನ ಕೈಯಲ್ಲಿದ್ದ ಪೆನ್ಸಿಲು ಮುರಿಯಿತು, ಆದರೂ ಅವನು ಏಳಲಿಲ್ಲ. ಕೊನೆಯ ಮೂರು ಲೆಕ್ಕ ಅವಳು ತಾನೇ ಮಾಡಿದಳು, ಮೂರೂ ಸರಿ. ಇಷ್ಟು ಹೊತ್ತು ಮಗಳ ಪಕ್ಕದಲ್ಲಿ ಕೂತು ಎಷ್ಟು ಕಾಲವಾಯಿತೋ ಅವನಿಗೇ ನೆನಪಿರಲಿಲ್ಲ. ನಿನ್ನೆ ಕಳೆದುಕೊಂಡದ್ದು ಇವತ್ತು ಸಿಕ್ಕಿತು ಎಂದು ಅವನ ಕಣ್ಣು ತೇವವಾಯಿತು.

"ಅಪ್ಪಾ," ಎಂದಳು ಶ್ರೀಪ್ರಿಯಾ, ಪುಸ್ತಕ ಮುಚ್ಚುತ್ತ. "ಹೀಗೆ ಇರೋದು ಸೂಪರಾಗಿದೆ. ಎರಡು ಪಂಚಾಂಗ ಇರೋದೇ ನಲ್ಲದು, ಒಳ್ಳೇದೇ. ಏಕಾದಶಿ ಎರಡು ದಿನ ಬಂದ್ರೆ ಇನ್ಮೇಲೆ ಎರಡೂ ದಿನ ಟೀವಿ ಬೇಡ. ಬರದೆ ಇದ್ರೂ ಮರುದಿನಾನೂ ಸೇರಿಸ್ಕೊಳ್ಳೋಣ. ನೀ ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ. ಶರಿಯಾ?"

ಮೇಲಿನ ಮನೆಯಲ್ಲಿ ಪಟಾಕಿ ಹೊಡೆದಷ್ಟು ಗಲಾಟೆ ಎದ್ದಿತು. ಗೆದ್ದೆವೋ ಸೋತೆವೋ ತಿಳಿಯಲಿಲ್ಲ. ಪಂಢರಿನಾಥ ಮಗಳ ಮುಖ ನೋಡಿದ. ಅದರಲ್ಲಿ ತಮಾಷೆಯಿರಲಿಲ್ಲ.

"ಆಗಲಿ," ಎಂದ. ಅಂದ ಮೇಲೆ ಒಳಗೆ ಹೋಗಿ, ಮುಂದಿನ ಏಕಾದಶಿ ಯಾವತ್ತು ಎಂದು ಲಕ್ಷ್ಮಿಯನ್ನು ಕೇಳಿದ.

"ಅದೂ ಶನಿವಾರವೇ," ಎಂದಳು ಲಕ್ಷ್ಮೀ. "ಭಾನುವಾರ ಏನೋ ಇಂಡಿಯಾ ಪಾಕಿಸ್ತಾನ ಮ್ಯಾಚು ಅಂತಿದ್ರಲ್ಲ, ಅದರ ಹಿಂದಿನ ದಿನ."