ಬಾಯಿಗೆ ಬಾರದ ಪಾಸ್‌ವರ್ಡ್

ಹೆಂಡತಿಯನ್ನು ಓದಿಸುವ ಗಂಡ ಪುಣ್ಯವಂತ ಎನ್ನುವವರಿದ್ದರೆ ಕೊಟ್ಟೂರಿನ ನನ್ನ ಬಟ್ಟೆ ಅಂಗಡಿಗೆ ಕಳುಹಿಸಿ. ಕೂರಿಸಿಕೊಂಡು ಮಾತಾಡುತ್ತೇನೆ.

ನನ್ನಾಕೆ ಗಂಗಾಂಬಿಕಾ ಮದುವೆಯಾದ ಮೇಲೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದಳು. ಅಲ್ಲಿ ಮಾಹಿತಿ ಸುರಕ್ಷತೆ ಎಂಬ ಘನವಾದ ವಿಷಯ. "ಪಾಸ್‌ವರ್ಡ್ ನಿದ್ದೆಯಲ್ಲೂ ನಿಮ್ಮ ಬಾಯಿಂದ ಬೀಳಬಾರದು, ಕಟ್ಟಿಕೊಂಡ ಗಂಡನಿಗೂ ಹೇಳಬಾರದು" ಎಂದು ಮೇಷ್ಟ್ರು ಅಪ್ಪಣೆ ಕೊಡಿಸಿದ್ದರಂತೆ. ಅಂದಿನಿಂದ ಹುಲುಗೇಶನ ಇಂಟರ್‌ನೆಟ್ ಸೆಂಟರಿನಲ್ಲಿ ಅವಳು ಮೇಲ್ ತೆರೆಯುವಾಗ ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು. (ಊರಲ್ಲಿ ನಾನು ವರ್ತಕರ ಸಂಘದ ಉಪಾಧ್ಯಕ್ಷ.)

ಒಮ್ಮೆ ಅವಳು ತವರೂರು ಉಚ್ಚಂಗಿದುರ್ಗಕ್ಕೆ ಹೋಗಿದ್ದಾಗ ಫೋನು ಬಂತು.

"ರೀ, ಅಸೈನ್‌ಮೆಂಟು ಇವತ್ತ ಸಂಜಿಗಿ ಮುಟ್ಟಬೇಕಂತ. ಮೇಲ್‌ನಾಗ ಬರದಿಟ್ಟೀನಿ, ಕಳಿಸೋದೊಂದ ಬಾಕಿ. ಹೋಗಲಿಲ್ಲಂದ್ರ ನನ್ನ ಒಂದು ವರ್ಷ ಹೋತು!"

ಹುಲುಗೇಶನ ಹತ್ತಿರ ಓಡಿದೆ. ಅಲ್ಲಿಂದ ಅವಳಿದ್ದ ಟೆಲಿಫೋನ್ ಬೂತಿಗೆ ಫೋನು ಹಚ್ಚಿದೆ.

"ಪಾಸ್‌ವರ್ಡ್ ಹೇಳು."

"ಹೇಳಾಕ ಬರಂಗಿಲ್ರಿ."

"ನಾನು ನಿನ್ನ ಗಂಡ ಅದೀನಿ ಲೇ!"

"ಅದಕ್ಕ ಬರವಲ್ದು!"

ಅತ್ತೆಯ ಹೆಸರು, ಅವಳ ಊರದೇವತೆ ಉಚ್ಚಂಗೆಮ್ಮನ ಹೆಸರು, ನಮ್ಮ ಎಮ್ಮೆಯ ಹೆಸರು, ಎಲ್ಲವನ್ನೂ ಹುಲುಗೇಶ ಒತ್ತಿ ನೋಡಿದ. ಕಂಪ್ಯೂಟರ್ ಯಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಸ್ವಲ್ಪ ಸುಳಿವಾದ್ರೂ ಕೊಡು."

"ಇಲ್ಲಿ ದೊಡ್ಡಪ್ಪ ಕುಂತಾನ್ರಿ. ಅವನ ಮುಂದ ಹೆಂಗ ಹೇಳಲಿ?"

ದೊಡ್ಡಪ್ಪನ ಮುಂದೆ ಹೇಳಲಾಗದ ಮಾತೇ?

"ಯಾರ ಹೆಸರು ಅದು?" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಅವಳು ಅತ್ತೇ ಬಿಟ್ಟಳು. "ಊರ ಮಂದಿಯೆಲ್ಲಾ ನಿಮ್ಮನ್ನ ಏನಂತ ಕರೀತಾರ? ನಾನೊಬ್ಬಾಕಿ ಮಾತ್ರ ಕರೆಯಂಗಿಲ್ಲ. ಅದು!"

ಪಂಚಾಕ್ಷರಪ್ಪ! ಹುಲುಗೇಶ ಒತ್ತಿದ, ಮೇಲ್ ತೆರೆಯಿತು. ಸಂಜೆಯೊಳಗೆ ಅಸೈನ್‌ಮೆಂಟ್ ಹೋಯಿತು, ಅವಳ ವರ್ಷ ಉಳಿಯಿತು. ಗಂಡನ ಹೆಸರು ಹೇಳಬಾರದೆಂಬ ಪದ್ಧತಿಯನ್ನೇ ಆಕೆ ಬೀಗ ಮಾಡಿಕೊಂಡಿದ್ದಳು. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು.

ಇಂಥ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ. ಚಹಾ ಹೋಟೆಲಿನಲ್ಲಿ ಹೇಳಿದೆ, ಅಂಗಡಿಯಲ್ಲಿ ಹೇಳಿದೆ, ಸಂಘದ ಸಭೆಯಲ್ಲಿ ಇತರೆ ವಿಷಯಗಳ ಅಡಿಯಲ್ಲಿಯೂ ಹೇಳಿದೆ.

ಗಂಗಾಂಬಿಕಾ ಊರಿಗೆ ಬಂದು ಬಸ್ಸಿಳಿಯುತ್ತಲೇ ಹೂ ಮಾರುವ ಶಿವಬಸಮ್ಮ, "ಯಜಮಾನ್ರ ಹೆಸರಿನ ಬೀಗ ಹಾಕೀಯಂತಲ್ಲವ್ವಾ!" ಎಂದು ನಕ್ಕಳಂತೆ. ನನ್ನಾಕೆ ನೆಟ್ಟಗೆ ಹುಲುಗೇಶನ ಸೆಂಟರಿಗೆ ಹೋಗಿ, ಆಮೇಲೆ ಮನೆಗೆ ಬಂದಳು.

ಮರುದಿನ ಮಧ್ಯಾಹ್ನ ಅಂಗಡಿಯ ತುಂಬ ಕೋಗಳಿಯಿಂದ ಮದುವೆ ಜವಳಿಗೆ ಬಂದವರು. ಎದುರಿನ ನಮ್ಮ ಮನೆಯ ಬಾಗಿಲಿಂದ ಕೂಗು ಬಂತು.

"ಪಂಚಾಕ್ಷರಪ್ಪಾ! ಉಣ್ಣಾಕ ಬರ್ರಿ!"

ಸೀರೆ ನೋಡುತ್ತಿದ್ದ ಹೆಂಗಸರು ಸೀರೆ ಬಿಟ್ಟು ನನ್ನನ್ನು ನೋಡಿದರು. ನಾನು ಮನೆಗೆ ಧಾವಿಸಿದೆ.

"ಗಂಡನ ಹೆಸರು ಹಿಡಿದು ಓಣಿಗೆಲ್ಲಾ ಕೇಳಂಗ ಕೂಗ್ತಿಯಲ್ಲ!"

"ಊರಿಗೆಲ್ಲಾ ನೀವ ಹೇಳಿ ಬಂದ ಮ್ಯಾಲೆ ನಾನೇನು ಮುಚ್ಚಿಡ್ಲಿ? ಬಯಲಾದ ಪಾಸ್‌ವರ್ಡ್ ಆ ಕ್ಷಣ ಬದಲಾಯಿಸಬೇಕು ಅಂತ ಮೇಷ್ಟ್ರು ಹೇಳ್ಯಾರ. ಬದಲಾಯಿಸೀನಿ" ಎನ್ನುತ್ತ ಅವಳು ಅನ್ನ ಬಡಿಸಿದಳು.

"ಈಗ ಏನಿಟ್ಟೀ?"

ಗಂಗಾಂಬಿಕಾ ಸೆರಗನ್ನು ಬಾಯಿಗೆ ಹಿಡಿದು, ನಾಚಿ, ತಲೆ ತಗ್ಗಿಸಿದಳು.

ನನ್ನ ಹೆಸರನ್ನು ಓಣಿಗೆಲ್ಲಾ ಕೂಗಿದವಳು ಈಗ ಯಾರ ಹೆಸರಿಗೆ ನಾಚಿದಳು? ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.