ನಿದ್ದೆ ಕೇಳಿದವಳಿಗೆ ಸನ್ಮಾನ

ಜನರ ಕಷ್ಟ ಪರಿಹರಿಸುವುದರಲ್ಲಿ ನನಗೆ ಹುಟ್ಟು ಪ್ರತಿಭೆ ಇದೆ ಎಂಬುದು ನನ್ನ ದೃಢ ನಂಬಿಕೆ. ಅದಕ್ಕೇ ಹಾನಗಲ್ಲಿನ ನಮ್ಮ ಪುಟ್ಟ ವೃದ್ಧಾಶ್ರಮಕ್ಕೆ ಕಾರ್ಯದರ್ಶಿಯಾಗಿದ್ದೇನೆ. ಉಳಿದ ಹೊತ್ತಿನಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ.

ಒಂದು ದಿನ, ಅಲ್ಲಿ ಹಿರಿಯರ ಆರೈಕೆ ಮಾಡುವ ರೇಣವ್ವ ನನ್ನೆದುರು ಬಂದು ನಿಂತಳು. ಕಣ್ಣುಗಳು ಕೆಂಪಗಾಗಿದ್ದವು.

"ಸಾಹೇಬ್ರ, ಸಾಕಾಗೇತ್ರಿ. ವಾರಕ್ಕ ಒಂದ್ ದಿನ ಸೂಟಿ ಕೊಡ್ರಿ. ಕಣ್ತುಂಬ ನಿದ್ದಿ ಮಾಡ್ಬೇಕ್ರಿ. ಇಲ್ಲಾಂದ್ರ ನಾ ಕೆಲಸ ಬಿಡ್ತೇನಿ."

ಅವಳು ಹೋದರೆ ಆಶ್ರಮದ ಗುರಪ್ಪಜ್ಜ ಊಟವನ್ನೇ ಮುಟ್ಟುವುದಿಲ್ಲ. ಬೇರೆ ಯಾರು ತುತ್ತು ಕೊಟ್ಟರೂ ಉಗುಳುತ್ತಾನೆ. "ಚಿಂತಿ ಮಾಡಬ್ಯಾಡ, ಬರೋ ರವಿವಾರ ಎಲ್ಲಾ ಸರಿ ಮಾಡ್ತೇನಿ" ಎಂದು ಅಭಯ ನೀಡಿದೆ.

ರವಿವಾರಕ್ಕೆ ನಾನು ಏರ್ಪಡಿಸಿದ್ದು ಸೂಟಿಯನ್ನಲ್ಲ, "ಆರೈಕೆದಾರರ ಆಯಾಸ ಪರಿಹಾರ ಹಾಗೂ ಭವ್ಯ ಸನ್ಮಾನ ಸಮಾರಂಭ"ವನ್ನು!

ನನ್ನ ಹೆಂಡತಿ ಸುಮಂಗಲಾ ಆಹ್ವಾನ ಪತ್ರಿಕೆ ಓದಿ, "ಆಕಿ ನಿದ್ದಿ ಕೇಳ್ಯಾಳ್ರಿ. ಶಾಲು ಕೇಳಿಲ್ಲ" ಎಂದಳು. ಸಾರ್ವಜನಿಕ ಜೀವನದ ಸೂಕ್ಷ್ಮ ಮನೆಯವರಿಗೆ ಹೇಗೆ ತಿಳಿಯಬೇಕು!

ಸಮಾರಂಭವೆಂದರೆ ಸುಮ್ಮನೆಯೇ? ಬಾಗಿಲಿಗೆ ರಂಗೋಲಿ ಬೇಕು. ಯಾರು ಹಾಕಬೇಕು? ರೇಣವ್ವ. ಬಂದವರಿಗೆ ಉಪ್ಪಿಟ್ಟು, ಶಿರಾ ಬೇಕು. ಯಾರು ಮಾಡಬೇಕು? ರೇಣವ್ವ. ಫೋಟೊ ತೆಗೆಯುವವನು ಬರುವುದರೊಳಗೆ ಹಿರಿಯರೆಲ್ಲರ ಸ್ನಾನ ಮುಗಿಸಿ ಇಸ್ತ್ರಿ ಬಟ್ಟೆ ತೊಡಿಸಬೇಕಲ್ಲ? ಅದಕ್ಕೂ ರೇಣವ್ವ. ಹೀಗಾಗಿ ಆಯಾಸ ಪರಿಹಾರದ ದಿನ ಅವಳು ಕೋಳಿಗಿಂತ ಮುಂಚೆ ಎದ್ದಳು.

ಮುಖ್ಯ ಅತಿಥಿಗಳು ಹಿರೇಕೆರೂರಿನಿಂದ ಬೆಳಗ್ಗೆಯೇ ಬರಬೇಕಿತ್ತು. ಫೋನ್ ಮಾಡಿದರೆ, ಸವಣೂರಿನಲ್ಲಿ ಒಂದು ಉದ್ಘಾಟನೆ ಇದೆ, ಬಂದೇಬಿಟ್ಟೆ ಎಂದರು. ಮತ್ತೆ ಮಾಡಿದರೆ ಶಿಗ್ಗಾವಿಯಲ್ಲಿ ಊಟಕ್ಕೆ ಕುಳಿತಿದ್ದರು! ಅವರು ಬರುವ ಹೊತ್ತಿಗೆ ಉಪ್ಪಿಟ್ಟು ಕಲ್ಲಾಗಿತ್ತು. ರೇಣವ್ವ ಮತ್ತೆ ಒಲೆ ಹೊತ್ತಿಸಿದಳು.

ಅಂತೂ ಅವಳನ್ನು ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟೆವು. ಅತಿಥಿಗಳು ವಿಶ್ರಾಂತಿಯ ಮಹತ್ವ ಕುರಿತು ಭಾಷಣ ಶುರು ಮಾಡಿದರು. ಅದಕ್ಕೆ ಕೊನೆಯೇ ಇರಲಿಲ್ಲ. ನಡುವೆ ಗುರಪ್ಪಜ್ಜ ಕೂಗಿದ.

"ರೇಣವ್ವಾ! ಪಾಯಖಾನಿಗೆ ಹೋಗ್ಬೇಕವಾ!"

ಅವಳು ಥಟ್ಟನೆ ಎದ್ದಳು. "ನೀ ಕುಂದರು! ಇವತ್ತ ನಿನಗ ಆರಾಮ" ಎಂದು ಗದರಿಸಿ, ನಾನೇ ಅಜ್ಜನ ರಟ್ಟೆ ಹಿಡಿದೆ. ಒಬ್ಬ ಅಜ್ಜ, ಒಂದು ಪಾಯಖಾನೆ. ಅದರಲ್ಲೇನು ಮಹಾ?

ಒಳಗೆ ಹೋದ ಮೇಲೆ ತಿಳಿಯಿತು. ಅಜ್ಜನನ್ನು ಹಿಡಿದರೆ ಧೋತರ ಜಾರುತ್ತದೆ, ಧೋತರ ಹಿಡಿದರೆ ಅಜ್ಜ ಜಾರುತ್ತಾನೆ! ಎರಡನ್ನೂ ಹಿಡಿಯಲು ಹೋಗಿ ನಾನು ಜಾರಿದೆ. ಆಸರೆಗೆಂದು ಹಿಡಿದದ್ದು ನಲ್ಲಿ. ಶವರ್ ಭೋರೆಂದು ನನ್ನ ರೇಷ್ಮೆ ಜುಬ್ಬಾದ ಮೇಲೆ ಸುರಿಯಿತು. ಅಜ್ಜ ಗೋಡೆಯ ಹಿಡಿಕೆ ಹಿಡಿದು ನೆಟ್ಟಗೆ ನಿಂತಿದ್ದ. "ನಿನ್ನ ಯಾರಪಾ ಕೆಲಸಕ್ಕ ಇಟ್ಕೊಂಡಾರ?" ಎಂದು ಕೇಳಿದ. ಕಾರ್ಯದರ್ಶಿ ಎಂದು ಹೇಳಿಕೊಳ್ಳುವ ಧೈರ್ಯ ಬರಲಿಲ್ಲ. ರೇಣವ್ವ ಇದನ್ನು ದಿನವಿಡೀ, ಎಲ್ಲರಿಗೂ ಮಾಡುತ್ತಾಳೆಂದು ಹೊಳೆದಾಗ ನಿಜಕ್ಕೂ ದಂಗಾದೆ.

ನೀರು ಸೋರಿಸುತ್ತ ಅಜ್ಜನೊಂದಿಗೆ ಹೊರಗೆ ಬಂದೆ. ಅತಿಥಿಗಳು, "ಈಗ ರೇಣವ್ವ ಅವರು ಎರಡು ಮಾತಾಡ್ತಾರ" ಎಂದು ಅವಳ ಮುಂದೆ ಮೈಕ್ ಹಿಡಿದರು.

"ಗೊರ್ರ್ರ್ರ್..."

ಸಭೆಗೆ ಸಭೆಯೇ ಬೆಚ್ಚಿಬಿದ್ದಿತು! ರೇಣವ್ವ ಬುಟ್ಟಿ ಅಪ್ಪಿಕೊಂಡು ಗಾಢ ನಿದ್ದೆಯಲ್ಲಿದ್ದಳು. ನನ್ನ ಮಾನ ಹೋಯಿತಲ್ಲ ಎಂದು ಎಬ್ಬಿಸಲು ಧಾವಿಸಿದೆ. ಅಜ್ಜ ಹಿಂದಿನಿಂದ ಜುಬ್ಬಾ ಜಗ್ಗಿ ಗುಡುಗಿದ.

"ಮುಟ್ಟಬ್ಯಾಡ ಆಕಿನ್ನ! ಏ ಭಾಷಣದಾವ, ಮೈಕ್ ಬಂದ್ ಮಾಡೋ! ನಮ್ಮ ರೇಣವ್ವ ಮಲಗ್ಯಾಳ!"

ವಂದನಾರ್ಪಣೆ ಕೈಸನ್ನೆಯಲ್ಲಿ ನಡೆಯಿತು. ಮುಖ್ಯ ಅತಿಥಿಗಳು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೋಗಿ ಕಾರು ಹತ್ತಿದರು.

ಸಂಜೆ ಅವಳು ಎದ್ದಾಗ, "ಕೆಲಸ ಬಿಡ್ತೀಯೇನ?" ಎಂದು ಅಂಜುತ್ತ ಕೇಳಿದೆ.

"ರವಿವಾರ ಸೂಟಿ ಕೊಟ್ರ ಇರ್ತೇನ್ರಿ. ಆದ್ರ ಅವತ್ತ ಅಜ್ಜನ್ನ ಯಾರ್ ನೋಡ್ತಾರ್ರಿ?"

"ನಾ ಇದ್ದೇನಲ್ಲ!"

"ಆ ತೊಯ್ದ ಜುಬ್ಬಾದಾವ ಬ್ಯಾಡ!" ಎಂದು ಅಜ್ಜ ಕಿರುಚಿದ.

ಈಗ ರೇಣವ್ವನಿಗೆ ಪ್ರತಿ ರವಿವಾರ ಸೂಟಿ. ಅವತ್ತು ಸುಮಂಗಲಾ ಮತ್ತು ನಾನು ಆಶ್ರಮಕ್ಕೆ ಹೋಗುತ್ತೇವೆ. ಅವಳು ಅಜ್ಜನನ್ನು ನೋಡಿಕೊಳ್ಳುತ್ತಾಳೆ. ಅಜ್ಜ ಕೂಗಿದಾಗ ಅವಳನ್ನು ಕರೆಯುವುದು ನನ್ನ ಜವಾಬ್ದಾರಿ! ಮೊನ್ನೆ ಮನೆಗೆ ಬರುವಾಗ ಸುಮಂಗಲಾ ದಾರಿಯುದ್ದಕ್ಕೂ ಆಕಳಿಸಿದಳು. ಕನಿಕರದಿಂದ ಏನೋ ಹೇಳಲು ಬಾಯಿ ತೆರೆದೆ.

"ಶಾಲು ಗೀಲು ತಂದ್ರ ನೋಡ್ರಿ ಮತ್ತ!" ಎಂದಳು.